ಹುತ್ತದೊಳಗಿನ ಬೇಸಾಯ: ಗೆದ್ದಲು ಎಲ್ಲಿಂದ ಬಂತು, ಬಯಲುಸೀಮೆಯ ನೆಲದಲ್ಲಿ ಏನು ಮಾಡುತ್ತದೆ

ಮುಂಗಾರಿನ ಮೊದಲ ಹದಮಳೆ ಬಿದ್ದ ಕೂಡಲೇ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಊರುಗಳಲ್ಲಿ ಗೆದ್ದಲಿನ ಮಾತು ಶುರುವಾಗುತ್ತದೆ. ಸಂಜೆ ಬೀದಿದೀಪಗಳಿಗೆ ಈಚಲು ಮುತ್ತಿಕೊಳ್ಳುತ್ತದೆ. ಬೆಳಗಾದರೆ ಅಂಗಳದ ತುಂಬ ಉದುರಿದ ರೆಕ್ಕೆಗಳು. ತಿಪಟೂರಿನ ಕಡೆ ಹೊಸದಾಗಿ ನೆಟ್ಟ ತೆಂಗಿನ ಸಸಿ ಬಾಡಿದರೆ ಮೊದಲು ಬುಡ ಕೆದಕಿ ನೋಡುತ್ತಾರೆ. ಪಾವಗಡ, ಶಿರಾ ಕಡೆಯವರಿಗೆ ಬಿತ್ತಿದ ಕಡಲೆಕಾಯಿಯ ಚಿಂತೆ, ಹಳೆಯ ಮನೆಯವರಿಗೆ ಬಾಗಿಲುವಾಡದ ಚಿಂತೆ. ಹೀಗೆ ಹೊಲ ಮನೆಗಳಲ್ಲಿ ನಷ್ಟ ಮಾಡುವ ಹುಳ ಕಟ್ಟಿದ ಹುತ್ತಕ್ಕೇ ನಾವು ಹಬ್ಬದ ದಿನ ಅರಿಸಿನ ಕುಂಕುಮ ಹಚ್ಚಿ ಹಾಲೆರೆಯುತ್ತೇವೆ.

ಗೆದ್ದಲಿನ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ. ಒಣಗಿದ ಕಟ್ಟಿಗೆ, ತರಗು, ಸಗಣಿ, ಕಾಗದ, ಇಂಥವನ್ನು ತಿಂದು ಅರಗಿಸಿಕೊಳ್ಳುವ ಶಕ್ತಿ ಬೆರಳಿನಿಂದ ಒತ್ತಿದರೆ ಒಡೆದುಹೋಗುವಷ್ಟು ಮೆತ್ತನೆಯ ಈ ಹುಳಕ್ಕೆ ಹೇಗೆ ಬಂತು? ಗೆದ್ದಲು ಹಿಂಡುಗಟ್ಟಿ ಬಾಳುವುದು, ಹುತ್ತ ಕಟ್ಟುವುದು, ಹೊಲಕ್ಕೆ ಉಪಕಾರವನ್ನೂ ಅಪಕಾರವನ್ನೂ ಮಾಡುವುದು ಎಲ್ಲವೂ ಈ ಪ್ರಶ್ನೆಯ ಉತ್ತರದಲ್ಲಿಯೇ ಅಡಗಿವೆ.

ಇರುವೆಯ ಸಂಬಂಧಿಯಲ್ಲ

ಗೆದ್ದಲನ್ನು ಬಿಳಿ ಇರುವೆ ಎನ್ನುವವರಿದ್ದಾರೆ. ಹಿಂಡಿನ ಬಾಳು, ನೆಲದಡಿಯ ಗೂಡು, ರಾಣಿ, ಸೈನಿಕರು ಇವೆಲ್ಲ ಎರಡರಲ್ಲಿಯೂ ಇರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಇರುವೆ ಕಣಜ ಮತ್ತು ಜೇನುನೊಣಗಳ ಬಳಗದ್ದು, ಗೆದ್ದಲು ಜಿರಲೆಗಳ ಬಳಗದ್ದು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇರುವೆಗೆ ಸಣಕಲು ಸೊಂಟ, ಮೊಣಕೈಯಂತೆ ಬಾಗಿದ ಕುಡಿಮೀಸೆ. ಗೆದ್ದಲಿಗೆ ಸೊಂಟವೇ ಕಾಣುವುದಿಲ್ಲ; ಕುಡಿಮೀಸೆ ನೇರವಾಗಿದ್ದು ಸಣ್ಣ ಸಣ್ಣ ಮಣಿಗಳಿಂದ ಕೂಡಿರುತ್ತದೆ. ರೆಕ್ಕೆ ಬಂದ ಗೆದ್ದಲಿನ ನಾಲ್ಕೂ ರೆಕ್ಕೆಗಳು ಹೆಚ್ಚುಕಡಿಮೆ ಒಂದೇ ಉದ್ದ. ಇರುವೆಯಲ್ಲಿ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು.

ಬೆಳೆಯುವ ರೀತಿಯೂ ಬೇರೆ. ಇರುವೆಯ ಮೊಟ್ಟೆಯಿಂದ ಕಾಲಿಲ್ಲದ ಮರಿಹುಳ ಬರುತ್ತದೆ, ಅದು ಕೋಶಾವಸ್ಥೆಯನ್ನು ದಾಟಿದ ಮೇಲೆ ಇರುವೆಯಾಗುತ್ತದೆ. ಗೆದ್ದಲಿನ ಮೊಟ್ಟೆಯಿಂದ ಹೊರಬರುವ ಮರಿಗೆ ಮೊದಲ ದಿನದಿಂದಲೇ ಗೆದ್ದಲಿನ ರೂಪವಿದ್ದು, ಅದು ಪೊರೆ ಕಳಚುತ್ತಾ ಕಳಚುತ್ತಾ ದೊಡ್ಡದಾಗುತ್ತದೆ. ಇರುವೆಗೂಡಿನಲ್ಲಿ ದುಡಿಯುವವೆಲ್ಲ ಹೆಣ್ಣು. ಗಂಡು ಕೂಡಿಕೆಯಾದ ಮೇಲೆ ಸಾಯುತ್ತದೆ. ಗೆದ್ದಲಿನಲ್ಲಿ ದುಡಿಯುವವರಲ್ಲಿಯೂ ಸೈನಿಕರಲ್ಲಿಯೂ ಎರಡು ಲಿಂಗಗಳನ್ನು ಕಾಣಬಹುದು, ಮತ್ತು ರಾಜ ಬದುಕಿರುವವರೆಗೂ ರಾಣಿಯ ಪಕ್ಕದಲ್ಲಿಯೇ ಇರುತ್ತಾನೆ.

ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಗೆದ್ದಲಿನ ಬಗೆಗಳು ಸುಮಾರು 3000, ಭಾರತದಲ್ಲಿ ಸುಮಾರು 300. ಬೆಳೆಗೂ ಮರಮುಟ್ಟಿಗೂ ಗಣನೀಯ ಹಾನಿ ಮಾಡುವವು ಅವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಉಳಿದವು ನಮ್ಮ ಕಣ್ಣಿಗೆ ಬೀಳದೆ ಕಾಡಿನ, ಗೋಮಾಳದ ಮಣ್ಣಿನಲ್ಲಿ ತಮ್ಮ ಪಾಡಿಗೆ ತಾವು ಇರುತ್ತವೆ.

ಜಿರಲೆಯ ವಂಶದಲ್ಲಿ ಹುಟ್ಟಿದ್ದು

ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ಕಾಡುಗಳಲ್ಲಿ ಕ್ರಿಪ್ಟೋಸರ್ಕಸ್ ಎಂಬ ಜಿರಲೆಯಿದೆ. ಅದು ಬಿದ್ದ ಮರದ ದಿಮ್ಮಿಯೊಳಗೆ ಸುರಂಗ ಕೊರೆದುಕೊಂಡು, ಗಂಡು ಹೆಣ್ಣು ಮರಿಗಳು ಒಂದೇ ಕುಟುಂಬವಾಗಿ ವರ್ಷಗಟ್ಟಲೆ ಬಾಳುತ್ತದೆ, ಮತ್ತು ಆ ದಿಮ್ಮಿಯನ್ನೇ ತಿನ್ನುತ್ತದೆ. ಅದರ ಕರುಳಿನಲ್ಲಿ ಕಟ್ಟಿಗೆಯನ್ನು ಒಡೆಯುವ ಏಕಕೋಶಜೀವಿಗಳಿವೆ; ಅವು ಗೆದ್ದಲಿನ ಕರುಳಿನಲ್ಲಿರುವವುಗಳಿಗೆ ತೀರಾ ಹತ್ತಿರದವು ಎಂಬುದನ್ನು ಅಮೆರಿಕದ ವಿಜ್ಞಾನಿ ಕ್ಲೀವ್‌ಲ್ಯಾಂಡ್ 1934ರಲ್ಲಿಯೇ ವಿವರವಾಗಿ ತೋರಿಸಿದ್ದರು. ಆದರೂ ಗೆದ್ದಲುಗಳನ್ನು ಬೇರೆಯದೇ ಗಣವೆಂದು ಎಣಿಸುವ ಪದ್ಧತಿ ಬಹುಕಾಲ ಮುಂದುವರಿಯಿತು. 2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಸಂಶೋಧಕರು ಡಿಎನ್‌ಎ ಹೋಲಿಸಿ ನೋಡಿ, ಗೆದ್ದಲು ಜಿರಲೆಯ ದಾಯಾದಿ ಮಾತ್ರವಲ್ಲ, ಜಿರಲೆಗಳ ವಂಶವೃಕ್ಷದ ಒಳಗೇ ಒಡೆದ ಒಂದು ಕೊಂಬೆ ಎಂದು ಖಚಿತಪಡಿಸಿದ ಮೇಲೆ ಆ ಪ್ರತ್ಯೇಕ ಗಣವನ್ನು ಕೈಬಿಟ್ಟು ಗೆದ್ದಲನ್ನು ಜಿರಲೆಗಳ ಗಣದಲ್ಲಿಯೇ ಸೇರಿಸಲಾಯಿತು.

ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಇಂದಿಗೂ ಇರುವ ಮ್ಯಾಸ್ಟೋಟರ್ಮಿಸ್ ಎಂಬ ಗೆದ್ದಲು ಈ ಸಂಬಂಧಕ್ಕೆ ಜೀವಂತ ಸಾಕ್ಷಿ. ಉಳಿದ ಗೆದ್ದಲುಗಳು ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತವೆ. ಇದು ಜಿರಲೆಯಂತೆ ಮೊಟ್ಟೆಗಳನ್ನು ಜೋಡಿಸಿ ಅಂಟಿಸಿದ ಕಂತೆಯಾಗಿ ಇಡುತ್ತದೆ. ಅದರ ಹಿಂದಿನ ರೆಕ್ಕೆಯಲ್ಲಿ ಜಿರಲೆಗಳಿಗಿರುವ ಮಡಿಕೆಯ ಭಾಗವೂ ಉಳಿದುಕೊಂಡಿದೆ.

ಗೆದ್ದಲಿನ ವಂಶ ಬೇರೆಯಾದದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಕಾಲದಲ್ಲಿ, ಎಂದು ಅಂದಾಜು. ಈವರೆಗೆ ಸಿಕ್ಕಿರುವ ಅತಿ ಹಳೆಯ ಗೆದ್ದಲಿನ ಪಳೆಯುಳಿಕೆಗಳು ಸುಮಾರು 13 ಕೋಟಿ ವರ್ಷಗಳಷ್ಟು ಹಿಂದಿನವು. ಇರುವೆಗಳು ಕಾಣಿಸಿಕೊಳ್ಳುವ ಮೊದಲೇ ಗೆದ್ದಲು ಹಿಂಡಿನ ಬಾಳನ್ನು ಆರಂಭಿಸಿತ್ತು. ಇಂದು ಅತಿ ಹೆಚ್ಚು ಬಗೆಗಳಿರುವ ಗೆದ್ದಲಿನ ಕುಟುಂಬದ ಬಹು ಹಳೆಯ ಸಾಕ್ಷ್ಯ ಸಿಕ್ಕಿರುವುದು ನಮ್ಮ ದೇಶದಲ್ಲಿಯೇ ಎಂಬುದನ್ನು ಇಲ್ಲಿ ಹೇಳಲೇಬೇಕು: ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ದೊರೆತ, ಐದು ಕೋಟಿ ವರ್ಷಗಳಿಗೂ ಹಿಂದಿನ ಮರದ ಅಂಟಿನ ಗಟ್ಟಿಗಳಲ್ಲಿ ಸಿಕ್ಕಿಕೊಂಡಿದ್ದ ಗೆದ್ದಲುಗಳನ್ನು 2011ರಲ್ಲಿ ವಿವರಿಸಲಾಯಿತು.

ಕೂಡಿ ಬಾಳುವುದು ಏಕೆ ಅನಿವಾರ್ಯವಾಯಿತು

ಗಿಡಮರಗಳ ಒಡಲು ಮುಖ್ಯವಾಗಿ ಸೆಲ್ಯುಲೋಸ್ ಎಂಬ ವಸ್ತುವಿನದು. ಅದು ಸಕ್ಕರೆಯ ಅಣುಗಳು ಸರಪಳಿಯಾಗಿ ಬಿಗಿದುಕೊಂಡಿರುವ ವಸ್ತುವಾದ್ದರಿಂದ ಅದರಲ್ಲಿ ಬೇಕಾದಷ್ಟು ಶಕ್ತಿಯಿದೆ, ಆದರೆ ಆ ಸರಪಳಿಯನ್ನು ತುಂಡರಿಸುವುದು ಪ್ರಾಣಿಗಳಿಗೆ ಸುಲಭವಲ್ಲ. ಕಟ್ಟಿಗೆಯಲ್ಲಿ ಇದರ ಜೊತೆಗೆ ಲಿಗ್ನಿನ್ ಎಂಬ ಇನ್ನೂ ಗಡುಸಾದ ವಸ್ತು ಬೆಸೆದುಕೊಂಡಿರುತ್ತದೆ. ಗೆದ್ದಲಿನ ಒಡಲು ತಾನೇ ಕೆಲವು ಜೀರ್ಣರಸಗಳನ್ನು ಮಾಡಿಕೊಂಡರೂ ಕಟ್ಟಿಗೆಯನ್ನು ಪೂರ್ತಿ ಅರಗಿಸಲು ಅದಕ್ಕೆ ಕರುಳಿನ ಹಿಂಭಾಗದಲ್ಲಿ ನೆಲೆಸಿರುವ ಏಕಕೋಶಜೀವಿಗಳೂ ಬ್ಯಾಕ್ಟೀರಿಯಾಗಳೂ ಬೇಕು.

ತೊಡಕು ಇರುವುದು ಪೊರೆ ಕಳಚುವಾಗ. ಗೆದ್ದಲು ಬೆಳೆಯಬೇಕಾದರೆ ಮೈಮೇಲಿನ ಪೊರೆಯನ್ನು ಕಳಚಬೇಕು. ಆಗ ಕರುಳಿನ ಹಿಂಭಾಗದ ಒಳಪದರವೂ ಅದರೊಂದಿಗೆ ಕಳಚಿ ಬರುತ್ತದೆ, ಅಲ್ಲಿ ನೆಲೆಸಿದ್ದ ಜೀವಿಗಳೂ ಹೋಗುತ್ತವೆ. ಮನೆಯಲ್ಲಿ ಮೊಸರು ಪೂರ್ತಿ ಖಾಲಿಯಾದ ದಿನ ಕಾದಾರಿದ ಹಾಲು ಎಷ್ಟಿದ್ದರೂ ತಾನಾಗಿ ಹೆಪ್ಪಾಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರಬೇಕಾಗುತ್ತದೆ. ಪೊರೆ ಕಳಚಿದ ಗೆದ್ದಲಿನ ಸ್ಥಿತಿಯೂ ಅದೇ. ಅದು ಇನ್ನೊಂದು ಗೆದ್ದಲಿನ ಹಿಂಬದಿಯಿಂದ ಹೊರಬರುವ ದ್ರವವನ್ನು ಕುಡಿದು ತನ್ನ ಕರುಳಿನ ಹೆಪ್ಪನ್ನು ಮತ್ತೆ ಪಡೆಯಬೇಕು. ಮೊಟ್ಟೆಯಿಂದ ಆಗತಾನೇ ಬಂದ ಮರಿಗೂ ಇದೇ ದಾರಿ. ಒಂಟಿಯಾಗಿ ಬದುಕುವ ಹುಳಕ್ಕೆ ಹೆಪ್ಪು ಕೊಡುವವರು ಯಾರೂ ಇರುವುದಿಲ್ಲ. ಹಾಗಾಗಿ ಕಟ್ಟಿಗೆಯನ್ನು ನಂಬಿದ ಈ ವಂಶದಲ್ಲಿ ತಾಯಿ, ತಂದೆ, ಮರಿಗಳು ಒಟ್ಟಿಗಿರುವುದು ಬದುಕಿನ ಷರತ್ತೇ ಆಯಿತು.

ಕ್ರಿಪ್ಟೋಸರ್ಕಸ್‌ನಲ್ಲಿ ಇದು ಒಂದು ಕುಟುಂಬದ ಮಟ್ಟದಲ್ಲಿಯೇ ನಿಂತಿದೆ. ಗೆದ್ದಲಿನ ಪೂರ್ವಜರಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಉಣಿಸಲು ನಿಂತು, ತಾವು ಮರಿ ಮಾಡುವುದನ್ನು ಬಿಟ್ಟರು. ಕ್ರಮೇಣ ಕೆಲವು ಕಾವಲಿಗೆ ಸೀಮಿತವಾದವು. ಸೈನಿಕ ಗೆದ್ದಲಿನ ದವಡೆ ಹೋರಾಟಕ್ಕೆ ಎಷ್ಟು ದೊಡ್ಡದಾಗಿದೆಯೆಂದರೆ ಅದಕ್ಕೆ ತಾನೇ ಆಹಾರ ಅಗಿದು ತಿನ್ನಲು ಬರುವುದಿಲ್ಲ, ಕೆಲಸಗಾರರು ಉಣಿಸಬೇಕು. ಹೀಗೆ ಉಣ್ಣುವ ಅನಿವಾರ್ಯತೆಯಿಂದಲೇ ಈ ಸಮುದಾಯ ಮೂಡಿಬಂತು ಎಂಬುದು ಬಹುತೇಕ ಸಂಶೋಧಕರು ಒಪ್ಪುವ ವಿವರಣೆ.

ನೆಲದಡಿಯ ಬೇಸಾಯ

ನಮ್ಮ ಬದುಗಳ ಮೇಲೆ ಕಾಣುವ ಆಳೆತ್ತರದ ಹುತ್ತಗಳನ್ನು ಕಟ್ಟುವ ಒಡಾಂಟೋಟರ್ಮಿಸ್ ಗುಂಪಿನ ಗೆದ್ದಲುಗಳು ಈ ಕಥೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅವುಗಳ ಕರುಳಿನಲ್ಲಿ ಹಳೆಯ ಏಕಕೋಶಜೀವಿಗಳಿಲ್ಲ. ಕಟ್ಟಿಗೆಯನ್ನು ಒಡೆಯುವ ಕಷ್ಟದ ಕೆಲಸವನ್ನು ಅವು ಹೊಟ್ಟೆಯ ಹೊರಗೆ, ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರಕ್ಕೆ ಒಪ್ಪಿಸಿವೆ. ಆಫ್ರಿಕದಲ್ಲಿ ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಒಂದೇ ಒಂದು ಬಾರಿ ಹುಟ್ಟಿದ ಈ ಪಾಲುದಾರಿಕೆ ಅಲ್ಲಿಂದ ಏಷ್ಯಾಕ್ಕೆ ಹರಡಿತು. ಮನುಷ್ಯ ಬೇಸಾಯ ಕಲಿತು ಹನ್ನೆರಡು ಸಾವಿರ ವರ್ಷಗಳಷ್ಟೇ ಆಗಿವೆ ಎಂಬುದನ್ನು ನೆನೆದರೆ ಈ ಹುಳಗಳ ಕಸುಬು ಎಷ್ಟು ಪುರಾತನವೆಂದು ತಿಳಿಯುತ್ತದೆ.

ಹೊಲ ಮಟ್ಟಮಾಡುವಾಗ ಜೆಸಿಬಿಯ ಬಕೆಟ್ ತಗುಲಿ ಸೀಳಿದ ಹುತ್ತದಲ್ಲಿ ಈ ತೋಟವನ್ನು ಕಾಣಬಹುದು. ಮಣ್ಣಿನ ಗೂಡುಗಳಲ್ಲಿ ಕಂದುಬಣ್ಣದ, ತೂತುತೂತಾದ ಮೆತ್ತನೆಯ ಗಡ್ಡೆಗಳು ಕೂತಿರುತ್ತವೆ. ಕೈಗೆತ್ತಿಕೊಂಡರೆ ತೂಕವೇ ಇಲ್ಲ, ಬೆರಳಿಗೆ ತೇವ ತಗಲುತ್ತದೆ, ಅಣಬೆಯ ವಾಸನೆ ಬರುತ್ತದೆ. ಅದರ ಮೈಮೇಲೆ ಗುಂಡುಸೂಜಿಯ ತಲೆಗಿಂತ ಸಣ್ಣ ಬಿಳಿ ಮಣಿಗಳು ಚೆಲ್ಲಿದಂತೆ ಇರುತ್ತವೆ. ಕೆಲಸಗಾರರು ಹೊರಗಿನಿಂದ ತಂದ ತರಗು ಕಟ್ಟಿಗೆಗಳನ್ನು ಎಳೆಯ ಗೆದ್ದಲುಗಳು ಆ ಬಿಳಿ ಮಣಿಗಳ ಜೊತೆಗೆ ತಿಂದು, ಅರೆಜೀರ್ಣವಾದ ಹಿಕ್ಕೆಯನ್ನು ಗಡ್ಡೆಯ ಮೇಲ್ಭಾಗಕ್ಕೆ ಸೇರಿಸುತ್ತವೆ. ಮಣಿಗಳಲ್ಲಿದ್ದ ಶಿಲೀಂಧ್ರದ ಬೀಜಕಣಗಳು ಹಿಕ್ಕೆಯೊಂದಿಗೆ ಹೊರಬಿದ್ದು ಅಲ್ಲಿಯೇ ಮೊಳೆಯುತ್ತವೆ. ವಾರಗಳು ಕಳೆದಂತೆ ಶಿಲೀಂಧ್ರ ಲಿಗ್ನಿನ್ನನ್ನು ಒಡೆದು ಗಡ್ಡೆಯನ್ನು ಹದಮಾಡುತ್ತದೆ. ಆಗ ಹಿರಿಯ ಗೆದ್ದಲುಗಳು ಅದನ್ನು ಕೆಳಗಿನಿಂದ ತಿನ್ನುತ್ತಾ ಬರುತ್ತವೆ. ತೋಟ ಮೇಲೆ ಬೆಳೆಯುತ್ತದೆ, ಕೆಳಗೆ ಕರಗುತ್ತದೆ.

ಈ ತೋಟದಲ್ಲಿಯೂ ಕಳೆಯಿದೆ. ಬೇರೊಂದು ಜಾತಿಯ ಶಿಲೀಂಧ್ರ ಬೆಳೆಯಲು ಸದಾ ಹೊಂಚು ಹಾಕುತ್ತಿರುತ್ತದೆ. ಗೆದ್ದಲು ಸತ್ತ ಗೂಡಿನಲ್ಲಿ ಅದು ಕೆಲವೇ ದಿನಗಳಲ್ಲಿ ತೋಟವನ್ನೆಲ್ಲ ಆವರಿಸಿಬಿಡುತ್ತದೆ. ಗೆದ್ದಲುಗಳು ವಾಸನೆಯಿಂದಲೇ ಬೆಳೆಗೂ ಕಳೆಗೂ ವ್ಯತ್ಯಾಸ ಹಿಡಿದು, ಕಳೆಯನ್ನು ಮಣ್ಣಿನ ಉಂಡೆಗಳಿಂದ ಹೂಳುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಅವರ ತಂಡ ಇದೇ ಒಡಾಂಟೋಟರ್ಮಿಸ್ ಗೆದ್ದಲುಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದೆ. ಕಣ್ಣಿಲ್ಲದ ಕೆಲಸಗಾರರು ಕತ್ತಲಲ್ಲಿ ಮಾಡುವ ಈ ಕಳೆ ಕೀಳುವ ಕೆಲಸ, ನನ್ನ ಮಟ್ಟಿಗೆ, ಗೆದ್ದಲಿನ ಬಾಳಿನಲ್ಲಿಯೇ ಅತ್ಯಂತ ಬೆರಗಿನ ಸಂಗತಿ.

ಮಳೆಗಾಲದಲ್ಲಿ ಹುತ್ತದ ಮೇಲೂ ಅಕ್ಕಪಕ್ಕದಲ್ಲಿಯೂ ಏಳುವ ಬಿಳಿ ಅಣಬೆಗಳು ಈ ತೋಟದ್ದೇ ಫಲ. ಅಂಥ ಅಣಬೆಯನ್ನು ಬಿಡಿಸಿ ಕಿತ್ತರೆ ಅದರ ಕಾಂಡ ಬೇರಿನಂತೆ ಉದ್ದಕ್ಕೆ ನೆಲದೊಳಗೆ ಇಳಿದು ಶಿಲೀಂಧ್ರದ ಗಡ್ಡೆಯವರೆಗೆ ಹೋಗಿರುವುದು ಕಾಣುತ್ತದೆ. ಹೊಸ ಗೂಡು ಕಟ್ಟಿದ ಜೋಡಿಯ ಮೊದಲ ಮರಿಗಳು ಹೊರಗೆ ಬಂದು ಇಂಥ ಅಣಬೆಗಳಿಂದ ಉದುರಿದ ಬೀಜಕಣಗಳನ್ನು ಸಂಗ್ರಹಿಸಿ ತಮ್ಮ ತೋಟವನ್ನು ಆರಂಭಿಸುತ್ತವೆ. ಹುತ್ತದ ಹತ್ತಿರ ಎದ್ದ ಅಣಬೆಗಳೆಲ್ಲವೂ ತಿನ್ನಲು ಯೋಗ್ಯವಾದವುಗಳಲ್ಲ. ಗುರುತು ಬಲ್ಲ ಹಿರಿಯರಿಲ್ಲದೆ ಕಿತ್ತು ಅಡುಗೆ ಮಾಡಬಾರದು.

ಹುತ್ತ ಉಸಿರಾಡುವ ಬಗೆ

ಲಕ್ಷಾಂತರ ಗೆದ್ದಲುಗಳೂ ಅವುಗಳ ತೋಟವೂ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಗೂಡು ಇರುವುದು ನೆಲಮಟ್ಟದಲ್ಲಿ ಅಥವಾ ಅದರ ಕೆಳಗೆ; ಮೇಲಿನ ಹುತ್ತದ ಬಹುಭಾಗ ಟೊಳ್ಳು ನಾಳಗಳು. ಹುತ್ತ ಅವು ವಾಸಿಸುವ ಮನೆ ಎಂಬ ಭಾವನೆಗಿಂತ, ಮನೆಗೆ ಗಾಳಿ ಆಡಿಸುವ ಕಟ್ಟಡ ಎಂದುಕೊಳ್ಳುವುದು ಹೆಚ್ಚು ಸರಿ.

ಗಾಳಿ ಆಡುವುದು ಹೇಗೆ ಎಂಬುದರ ಬಗ್ಗೆ ಬಹುಕಾಲ ಚರ್ಚೆ ನಡೆದಿತ್ತು. ಗೂಡಿನ ಶಾಖದಿಂದ ಗಾಳಿ ಮೇಲೇಳುತ್ತದೆ ಎಂದು ಕೆಲವರು, ಹೊರಗಿನ ಬೀಸುಗಾಳಿ ಎಳೆದುಕೊಳ್ಳುತ್ತದೆ ಎಂದು ಕೆಲವರು ಹೇಳುತ್ತಿದ್ದರು. ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಓಕೋ ಮತ್ತು ಎಲ್. ಮಹಾದೇವನ್ ದಕ್ಷಿಣ ಭಾರತದ ಒಡಾಂಟೋಟರ್ಮಿಸ್ ಒಬೇಸಸ್ ಹುತ್ತಗಳೊಳಗೆ ಗಾಳಿಯ ವೇಗವನ್ನು ನೇರವಾಗಿ ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಈ ಹುತ್ತಗಳ ಸುತ್ತ ಮಡಿಕೆ ಮಡಿಕೆಯಾಗಿ ಹೊರಚಾಚಿದ ಏಣುಗಳಿರುತ್ತವೆ. ಹಗಲು ಬಿಸಿಲಿಗೆ ಆ ತೆಳುವಾದ ಏಣುಗಳು ಬೇಗ ಕಾಯುತ್ತವೆ, ನಡುವಿನ ದಪ್ಪ ಭಾಗ ತಂಪಾಗಿಯೇ ಇರುತ್ತದೆ. ಹಾಗಾಗಿ ಗಾಳಿ ಏಣುಗಳಲ್ಲಿ ಮೇಲೇರಿ ನಡುವಿನಲ್ಲಿ ಇಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣ್ಣಗಾಗುವುದರಿಂದ ಸುತ್ತಾಟ ತಿರುಗುಮುರುಗಾಗುತ್ತದೆ. ಹಗಲಿನಲ್ಲಿ ಒಳಗೆ ಕೂಡಿಕೊಂಡ ಇಂಗಾಲದ ಡೈಆಕ್ಸೈಡ್ ರಾತ್ರಿ ಹೊರಹೋಗುತ್ತದೆ. ಹುತ್ತಕ್ಕೆ ಹೊರಬಾಯಿ ಇಲ್ಲದಿದ್ದರೂ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಸೋಸಿಹೋಗುತ್ತದೆ. ಹಗಲು ಸುಡುವ, ರಾತ್ರಿ ತಣಿಯುವ ಬಯಲುಸೀಮೆಯ ಹವೆಯೇ ಈ ಕಟ್ಟಡವನ್ನು ನಡೆಸುವ ಶಕ್ತಿ.

ಕಟ್ಟುವ ವಿಧಾನವೂ ಗಮನಿಸಬೇಕಾದದ್ದು. ಹುತ್ತದ ಮೂಲೆಯೊಂದು ಮುರಿದರೆ ಮೊದಲು ಸೈನಿಕರು ಬಂದು ಬಿರುಕಿನ ಅಂಚಿನಲ್ಲಿ ನಿಲ್ಲುತ್ತವೆ. ಅವುಗಳ ಹಿಂದೆ ಕೆಲಸಗಾರರು ಬಾಯಲ್ಲಿ ಒದ್ದೆ ಮಣ್ಣಿನ ಉಂಡೆಗಳನ್ನು ಹಿಡಿದು ಬಂದು ಒಂದೊಂದನ್ನೇ ಅಂಚಿಗೆ ಒತ್ತಿ, ತಲೆ ಅಲುಗಿಸಿ ಕೂರಿಸಿ ಹಿಂತಿರುಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಈ ಉಂಡೆಗಳು ದೊಡ್ಡವು, ಚಿಕ್ಕವು ಎಂದು ಎರಡು ಅಳತೆಯವು. ದೊಡ್ಡವುಗಳ ನಡುವಿನ ಸಂದುಗಳನ್ನು ಚಿಕ್ಕವು ತುಂಬುವುದರಿಂದ ಗೋಡೆ ಗಟ್ಟಿಯಾಗುತ್ತದೆ. ಗೆದ್ದಲಿನ ಜೊಲ್ಲು ಮಣ್ಣಿಗೆ ಬೆರೆತು ಅದನ್ನು ಬೆಸೆಯುತ್ತದೆ. ಹೀಗೆ ಬೆಸೆದ ಮಣ್ಣು ಅದೇ ಜಾಗದ ಸಾಮಾನ್ಯ ಮಣ್ಣಿಗಿಂತ ಹಲವು ಪಟ್ಟು ಬಲವಾಗಿರುತ್ತದೆ. ಹಿಂದೆ ಒಲೆ, ಗೋಡೆ, ಕಣ ಮಾಡಲು ಹುತ್ತದ ಮಣ್ಣನ್ನು ಹುಡುಕಿ ತರುತ್ತಿದ್ದುದಕ್ಕೆ ಇದೇ ಕಾರಣ.

ಹುತ್ತ ಮತ್ತು ಅಂತರ್ಜಲದ ಸಂಬಂಧವನ್ನೂ ಇಲ್ಲಿಯೇ ಹೇಳಬೇಕು. ಗೆದ್ದಲಿಗೆ ತೇವವಿಲ್ಲದೆ ಬದುಕಿಲ್ಲ. ಅದು ಆಳದ ತೇವದ ಮಣ್ಣನ್ನು ಮೇಲಕ್ಕೆ ತರುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರನ್ನು ಗುರುತಿಸುವ ಅಧ್ಯಾಯದಲ್ಲಿ ಹುತ್ತವನ್ನೂ ಒಂದು ಗುರುತಾಗಿ ಹೇಳಿದೆ. ಅದು ತೆರೆದ ಬಾವಿಗಳ ಕಾಲದ ಮಾತು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಇಂದು ಸಾವಿರ ಅಡಿ ದಾಟುವ ಕೊಳವೆಬಾವಿಗೆ ಸಿಗುವುದು ಬಂಡೆಯ ಬಿರುಕುಗಳಲ್ಲಿನ ನೀರು. ಅಷ್ಟು ಆಳದ ನೀರಿನ ಸುಳಿವು ಗೆದ್ದಲಿಗೆ ಸಿಗುವುದಿಲ್ಲವಾದ್ದರಿಂದ, ಹುತ್ತವೊಂದನ್ನೇ ನಂಬಿ ಲಕ್ಷಗಟ್ಟಲೆ ಹಣ ಹಾಕಿ ಕೊರೆಸುವುದಕ್ಕೆ ಆಧಾರವಿಲ್ಲ.

ಈಚಲು ಏಳುವ ಸಂಜೆ

ವರ್ಷಕ್ಕೊಮ್ಮೆ ಗೂಡಿನಲ್ಲಿ ರೆಕ್ಕೆ ಮತ್ತು ಕಣ್ಣುಗಳಿರುವ ಗಂಡು ಹೆಣ್ಣುಗಳು ಸಿದ್ಧವಾಗುತ್ತವೆ. ಮಳೆ ಬಿದ್ದು ನೆಲ ಮೆತ್ತಗಾದಾಗ ಒಂದು ಸೀಮೆಯ ಅನೇಕ ಗೂಡುಗಳಿಂದ ಅವು ಒಟ್ಟಿಗೆ ಹಾರುತ್ತವೆ. ಹೀಗೆ ಒಟ್ಟಿಗೆ ಏಳುವುದರಿಂದ ಬೇರೆ ಗೂಡಿನ ಜೋಡಿ ಸಿಗುವ ಅವಕಾಶ ಹೆಚ್ಚು, ತಿನ್ನುವ ಬಾಯಿಗಳಿಗೆ ಎಲ್ಲವನ್ನೂ ತಿಂದು ಮುಗಿಸಲಾಗುವುದಿಲ್ಲ. ನೆಲಕ್ಕಿಳಿದ ಮೇಲೆ ರೆಕ್ಕೆ ಉದುರಿಸಿ, ಹೆಣ್ಣು ಮುಂದೆ ಗಂಡು ಹಿಂದೆ ಸಾಗಿ, ಮಣ್ಣಿನಲ್ಲಿ ಪುಟ್ಟ ಕೋಣೆ ತೋಡಿಕೊಳ್ಳುತ್ತವೆ. ಬಹುಪಾಲು ಜೋಡಿಗಳು ಆ ಮೊದಲೇ ಕಾಗೆ, ಗೊರವಂಕ, ಕಾಜಾಣ, ಕಪ್ಪೆ, ಹಲ್ಲಿ, ಇರುವೆಗಳ ಪಾಲಾಗುತ್ತವೆ. ಹುರಿದು ತಿನ್ನುವ ರೂಢಿ ನಮ್ಮ ಸೀಮೆಯ ಜನರಲ್ಲಿಯೂ ಇದೆ. ಉಳಿದ ಕೆಲವು ಜೋಡಿಗಳಲ್ಲಿ ರಾಣಿಯ ಹೊಟ್ಟೆ ವರ್ಷಗಳು ಕಳೆದಂತೆ ಬೆರಳಿನಷ್ಟು ದಪ್ಪಕ್ಕೆ ಊದಿಕೊಂಡು, ಗಟ್ಟಿ ಮಣ್ಣಿನ ಕೋಣೆಯಿಂದ ಅಲುಗಾಡಲಾರದೆ ಅದು ದಿನಕ್ಕೆ ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ. ಹತ್ತು ವರ್ಷಕ್ಕೂ ಮೀರಿ ಬದುಕುವ ರಾಣಿಗಳಿವೆ.

ಹುತ್ತವನ್ನು ನಂಬಿದವರು

ತುಮಕೂರು ಜಿಲ್ಲೆಯ ಕುರುಚಲು ಕಾಡುಗಳಲ್ಲಿ, ಕಲ್ಲುಗುಡ್ಡಗಳಲ್ಲಿ ಓಡಾಡುವ ಕರಡಿಗೆ ಗೆದ್ದಲು ಮುಖ್ಯ ಆಹಾರಗಳಲ್ಲಿ ಒಂದು. ಅದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇರುವುದಿಲ್ಲ. ಉಗುರಿನಿಂದ ಹುತ್ತ ಒಡೆದು, ಧೂಳು ಊದಿ, ಆ ಸಂದಿನಿಂದ ಗೆದ್ದಲನ್ನು ಹೀರಿಕೊಳ್ಳುತ್ತದೆ. ಚಿಪ್ಪುಹಂದಿ ಉದ್ದನೆಯ ಅಂಟುನಾಲಿಗೆಯಿಂದ ಹಿಡಿಯುತ್ತದೆ. ಸಾಲುಗಟ್ಟಿ ದಾಳಿಯಿಡುವ ಕಪ್ಪು ಇರುವೆಗಳೂ ಗೆದ್ದಲಿನ ಬದ್ಧ ವೈರಿಗಳು. ಉಡ ಹುತ್ತ ತೋಡಿ ಒಳಗೆ ಮೊಟ್ಟೆಯಿಡುತ್ತದೆ. ಒಳಗಿನ ಬೆಚ್ಚಗಿನ ತೇವ ಮೊಟ್ಟೆಗಳನ್ನು ಕಾಪಾಡುತ್ತದೆ. ನಾಗರಹಾವಿಗೆ ಬಿಲ ತೋಡಲು ಬಾರದು. ಗೆದ್ದಲು ಹುತ್ತ ಕಟ್ಟಿದರೆ ಹಾವಿಗೆ ಮನೆಯಾಯಿತು ಎಂದು ಹಿರಿಯರು ಹೇಳುವುದು ನಿಸರ್ಗದ ನಿಖರವಾದ ಗಮನಿಕೆ: ಬಾಯಿ ತೆರೆದ ಅಥವಾ ಪಾಳುಬಿದ್ದ ಹುತ್ತದಲ್ಲಿ ಇಲಿ, ಕಪ್ಪೆ ಸೇರುತ್ತವೆ, ಅವುಗಳ ಹಿಂದೆ ಹಾವು ಬರುತ್ತದೆ.

ಒಣಭೂಮಿಗೆ ಗೆದ್ದಲಿನ ಕೊಡುಗೆ

ಎರೆಹುಳುವನ್ನು ರೈತಮಿತ್ರ ಎಂದು ಎಲ್ಲರೂ ಬಲ್ಲರು. ಆದರೆ ಎರೆಹುಳುವಿಗೆ ತೇವ ಬೇಕು. ವರ್ಷದ ಬಹುಪಾಲು ಒಣಗಿರುವ ನಮ್ಮ ಕೆಂಪುಮಣ್ಣಿನ ಹೊಲಗಳಲ್ಲಿ ಬೇಸಿಗೆಯಲ್ಲಿಯೂ ಮಣ್ಣನ್ನು ತೂತುಮಾಡಿ, ಕೆಳಗಿನ ಜೇಡಿಯನ್ನು ಮೇಲಕ್ಕೆ ತಂದು, ತರಗು ಸಗಣಿಗಳನ್ನು ಕರಗಿಸುವ ಕೆಲಸ ಹೆಚ್ಚಾಗಿ ಗೆದ್ದಲಿನದೇ. ಗೋಮಾಳದಲ್ಲಿ ಬಿದ್ದ ಒಣ ಸಗಣಿಯನ್ನು ಮಗುಚಿದರೆ ಅಡಿಭಾಗ ಟೊಳ್ಳಾಗಿ, ಒಳಗೆ ಕೆಂಪು ಮಣ್ಣು ತುಂಬಿರುವುದನ್ನು ಕಾಣಬಹುದು. ಗಾಳಿಯ ಸಾರಜನಕವನ್ನು ಹಿಡಿದಿಡುವ ಬ್ಯಾಕ್ಟೀರಿಯಾಗಳೂ ಗೆದ್ದಲಿನ ಕರುಳಿನಲ್ಲಿವೆ.

ಇದರ ಫಲವನ್ನು ಅಳೆದ ಪ್ರಯೋಗಗಳಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಗೋಧಿ ಹೊಲಗಳದ್ದು ಗಮನಾರ್ಹ. ಇರುವೆ ಮತ್ತು ಗೆದ್ದಲುಗಳನ್ನು ಕೀಟನಾಶಕದಿಂದ ತೆಗೆದ ತಾಕುಗಳಿಗಿಂತ ಅವುಗಳನ್ನು ಹಾಗೆಯೇ ಬಿಟ್ಟ ತಾಕುಗಳಲ್ಲಿ ಇಳುವರಿ ಶೇ. 36ರಷ್ಟು ಹೆಚ್ಚಾಗಿತ್ತು ಎಂದು 2011ರಲ್ಲಿ ವರದಿಯಾಯಿತು. ಮಳೆಯ ನೀರು ಸುರಂಗಗಳ ಮೂಲಕ ಹೆಚ್ಚಾಗಿ ಇಂಗಿದ್ದು, ಮಣ್ಣಿನಲ್ಲಿ ಸಾರಜನಕ ಹೆಚ್ಚಿದ್ದು ಇದಕ್ಕೆ ಕಾರಣ. ಆಫ್ರಿಕದ ಬುರ್ಕಿನಾ ಫಾಸೊ ದೇಶದ ರೈತರು ಹಕ್ಕಳೆಗಟ್ಟಿದ ಬರಡುನೆಲದಲ್ಲಿ ಬೇಸಿಗೆಯಲ್ಲಿಯೇ ಸಣ್ಣ ಗುಂಡಿಗ‌ಳನ್ನು ತೋಡಿ ಗೊಬ್ಬರ ಹಾಕಿ ಬೇಕೆಂದೇ ಗೆದ್ದಲನ್ನು ಕರೆಸಿಕೊಳ್ಳುತ್ತಾರೆ. ಅದು ಕೊರೆದ ದಾರಿಗಳಲ್ಲಿ ಮೊದಲ ಮಳೆ ನೆಲಕ್ಕಿಳಿಯುತ್ತದೆ, ಅದೇ ಗುಂಡಿಯಲ್ಲಿ ಜೋಳ ಬಿತ್ತುತ್ತಾರೆ.

ತಾಪಮಾನ ಏರಿದಂತೆ ಗೆದ್ದಲಿನ ಕೆಲಸ ಚುರುಕಾಗುತ್ತದೆ. ಆರು ಖಂಡಗಳ ನೂರಕ್ಕೂ ಹೆಚ್ಚು ಸ್ಥಳಗಳಲ್ಲಿ ಮರದ ತುಂಡುಗಳನ್ನಿಟ್ಟು ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಗೆದ್ದಲು ಮರವನ್ನು ಕರಗಿಸುವ ವೇಗ ಆರು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಗೆದ್ದಲಿನ ಕರುಳಿನಿಂದ ಮೀಥೇನ್ ಅನಿಲವೂ ಹೊರಬರುತ್ತದೆ; ಜಗತ್ತಿನ ಒಟ್ಟು ಮೀಥೇನ್‌ನಲ್ಲಿ ಅದರ ಪಾಲು ಶೇ. 1ರಿಂದ 3ರಷ್ಟೆಂದು ಅಂದಾಜು.

ಹೊಲದಲ್ಲಿ ನಷ್ಟ ಆಗುವುದು ಯಾವಾಗ

ಗೆದ್ದಲು ಸಹಜವಾಗಿ ಬಯಸುವುದು ಸತ್ತ ಸಸ್ಯವನ್ನು. ದೊಡ್ಡ ಮಾವಿನ ಮರದ ಬೊಡ್ಡೆಗೆ ಮಣ್ಣಿನ ಹೊದಿಕೆ ಹತ್ತಿದ್ದರೆ ಅದರೊಳಗೆ ಗೆದ್ದಲು ತಿನ್ನುತ್ತಿರುವುದು ಬಹುತೇಕ ಒಣ ಹೊರತೊಗಟೆಯನ್ನು; ಮರಕ್ಕೆ ಗಾಯವಿಲ್ಲದಿದ್ದರೆ ಅಪಾಯ ಕಡಿಮೆ. ಎಳೆಯ ಸಸಿ, ನೀರಿಲ್ಲದೆ ಬಾಡಿದ ಗಿಡ, ಬೇರಿಗೆ ಪೆಟ್ಟಾದ ಗಿಡ, ಇವುಗಳ ವಿಷಯ ಬೇರೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಹೇರಳವಾಗಿ ನೆಟ್ಟ ನೀಲಗಿರಿ ಹೊರದೇಶದ ಮರ. ಅದರ ಸಸಿಗಳ ಬೇರನ್ನು ಮೊದಲ ವರ್ಷದಲ್ಲಿ ಗೆದ್ದಲು ಸುಲಭವಾಗಿ ತಿಂದುಹಾಕುತ್ತದೆ.

ಕಡಲೆಕಾಯಿಯಲ್ಲಿ ನಷ್ಟ ಎರಡು ಬಗೆ. ಮೈಕ್ರೋಟರ್ಮಿಸ್ ಎಂಬ ಸಣ್ಣ ಗೆದ್ದಲು ತಾಯಿಬೇರನ್ನು ಕೊರೆದು ಗಿಡವನ್ನು ಒಣಗಿಸುತ್ತದೆ. ಒಡಾಂಟೋಟರ್ಮಿಸ್ ಕಾಯಿಯ ಸಿಪ್ಪೆಯ ಗೀರುಗಳ ನಡುವಿನ ಮೆತ್ತನೆಯ ಭಾಗವನ್ನು ಕೆರೆದು ತಿನ್ನುತ್ತದೆ. ಎರಡನೆಯದು ನೋಡಲು ಸಣ್ಣ ಹಾನಿ, ಆದರೆ ಹಾಗೆ ಕೆರೆದ ಕಾಯಿಗೆ ಬೂಷ್ಟು ಸುಲಭವಾಗಿ ತಗಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಬೆಳೆಯ ಕೊನೆಯಲ್ಲಿ ಮಳೆ ಕೈಕೊಟ್ಟಾಗ, ಮತ್ತು ಬಲಿತ ಮೇಲೂ ಕೀಳದೆ ಬಿಟ್ಟಾಗ ಈ ಹಾನಿ ಹೆಚ್ಚು. ಸಕಾಲಕ್ಕೆ ಕಿತ್ತು ಚೆನ್ನಾಗಿ ಒಣಗಿಸಿ, ಕೆರೆದ ಹಾಗೂ ತೂತುಬಿದ್ದ ಕಾಯಿಗಳನ್ನು ಆರಿಸಿ ತೆಗೆಯುವುದು ಮೊದಲ ಎಚ್ಚರಿಕೆ. ಕಳಿಯದ ಕೊಟ್ಟಿಗೆ ಗೊಬ್ಬರ ಗೆದ್ದಲನ್ನು ಹೊಲಕ್ಕೆ ಕರೆಯುತ್ತದೆ, ಆದ್ದರಿಂದ ತಿಪ್ಪೆಯಲ್ಲಿ ಪೂರ್ತಿ ಕಳಿತದ್ದನ್ನೇ ಹಾಕಬೇಕು. ಬೇವಿನ ಹಿಂಡಿಯನ್ನು ಮಣ್ಣಿಗೆ ಸೇರಿಸುವುದು ರೂಢಿಯಲ್ಲಿರುವ ಇನ್ನೊಂದು ಕ್ರಮ. ಹೊಲದಲ್ಲಿನ ಕಸಕಡ್ಡಿಯನ್ನೆಲ್ಲ ಸುಟ್ಟು ಬರಿದು ಮಾಡಿದರೆ ಗೆದ್ದಲಿಗೆ ತಿನ್ನಲು ಉಳಿಯುವುದು ಬೆಳೆಯೊಂದೇ ಎಂಬುದನ್ನೂ ನೆನಪಿಡಬೇಕು. ತೆಂಗಿನ ಬಿತ್ತುಕಾಯಿಗೆ ಸಸಿಮಡಿಯಲ್ಲಿ ಹೊಳೆಮರಳು ಹೊದಿಸುವುದು, ಮರದ ಬುಡಕ್ಕೆ ಸುಣ್ಣ ಬಳಿಯುವುದು ಹಳೆಯ ಉಪಾಯಗಳು.

ಮನೆಗೆ ಬಂದ ಗೆದ್ದಲು

ಗೋಡೆಯ ಮೇಲೆ ಏರುವ ಮಣ್ಣಿನ ಸಾಲು ಗೆದ್ದಲು ನೆಲದಿಂದ ಬರುವ ಮುಚ್ಚಿದ ದಾರಿ. ಬಿಸಿಲು ಮತ್ತು ಒಣಗಾಳಿಗೆ ಅದರ ಮೈ ಬೇಗ ಒಣಗುವುದರಿಂದ ಅದು ಬಯಲಿನಲ್ಲಿ ನಡೆಯುವುದಿಲ್ಲ. ಸಾಲಿನ ಒಂದು ಗೇಣನ್ನು ಕೆರೆದು ತೆಗೆದು ಕೆಲವು ದಿನ ಬಿಟ್ಟು ನೋಡಿದರೆ, ಮತ್ತೆ ಕಟ್ಟಿದ್ದರೆ ಗೆದ್ದಲು ಅಲ್ಲಿ ಇನ್ನೂ ಓಡಾಡುತ್ತಿದೆ ಎಂದು ತಿಳಿಯುತ್ತದೆ. ಸೀಮೆಎಣ್ಣೆ ಹಚ್ಚುವುದರಿಂದ ಆ ಸಾಲಿನಲ್ಲಿದ್ದ ಕೆಲಸಗಾರರಷ್ಟೇ ಸಾಯುತ್ತವೆ. ರಾಣಿಯೂ ಗೂಡೂ ಎಲ್ಲೋ ಮಣ್ಣಿನಲ್ಲಿ ಸುರಕ್ಷಿತವಾಗಿರುತ್ತವೆ. ಸಾಲೇ ಇಲ್ಲದೆ ಮರದ ಸಾಮಾನಿನಿಂದ ಗಸಗಸೆ ಗಾತ್ರದ ಒಣ ಹಿಕ್ಕೆ ಉದುರುತ್ತಿದ್ದರೆ ಅದು ಮರದೊಳಗೆಯೇ ಬಾಳುವ, ಮಣ್ಣಿನ ಸಂಪರ್ಕ ಬೇಡದ ಬೇರೊಂದು ಬಗೆ, ಅದಕ್ಕೆ ಆ ಮರಕ್ಕೇ ಚಿಕಿತ್ಸೆ ಮಾಡಬೇಕು.

ಹೊಸ ಮನೆ ಕಟ್ಟುವವರು ಅಡಿಪಾಯದ ಹಂತದಲ್ಲಿಯೇ ಕ್ರಮ ಕೈಗೊಳ್ಳುವುದು ಒಳ್ಳೆಯದು, ಏಕೆಂದರೆ ಆಮೇಲೆ ಮಾಡುವುದು ಕಷ್ಟ, ಖರ್ಚೂ ಹೆಚ್ಚು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 6313 ಎಂಬ ಮಾನದಂಡದಲ್ಲಿ ಕಟ್ಟಡದ ವಿನ್ಯಾಸ, ಕಟ್ಟುವ ಮೊದಲು ಮಣ್ಣಿಗೆ ಮಾಡುವ ಔಷಧೋಪಚಾರ, ಕಟ್ಟಿದ ಮನೆಗೆ ಮಾಡುವ ಔಷಧೋಪಚಾರ ಎಂದು ಮೂರು ಭಾಗಗಳಿವೆ. ಕೆಲಸ ಒಪ್ಪಿಸುವಾಗ ಅದರಂತೆ ಮಾಡಬೇಕೆಂದು ಬರೆಸಿಕೊಳ್ಳಬಹುದು. ಮನೆಗೆ ಗೆದ್ದಲು ಹತ್ತಿತೆಂದು ಊರಾಚೆಯ ಹುತ್ತವನ್ನು ಅಗೆಸಿ ಹಾಕುವವರಿದ್ದಾರೆ. ಕಟ್ಟಡಗಳನ್ನು ಕಾಡುವ ಹೆಟೆರೋಟರ್ಮಿಸ್, ಕಾಪ್ಟೋಟರ್ಮಿಸ್‌ನಂಥ ಗೆದ್ದಲುಗಳು ನಮ್ಮಲ್ಲಿ ಹುತ್ತವನ್ನೇ ಕಟ್ಟುವುದಿಲ್ಲ, ನೆಲದಡಿಯಲ್ಲಿ ಅಥವಾ ಮರದ ಬೊಡ್ಡೆಗಳಲ್ಲಿ ಗೂಡು ಮಾಡಿಕೊಂಡಿರುತ್ತವೆ. ಹಾಗಾಗಿ ಬದುವಿನ ಹುತ್ತವನ್ನು ಕೆಡವಿಸುವ ಮೊದಲು ಮನೆಯ ಗೋಡೆಯ ಬುಡ, ಹಿತ್ತಿಲಿನಲ್ಲಿ ಹೂತುಹೋದ ಹಳೆಯ ಮರದ ತುಂಡುಗಳು, ಸೋರುವ ನಲ್ಲಿಯ ಸುತ್ತಲಿನ ತೇವದ ಮಣ್ಣು, ಇವುಗಳನ್ನು ಪರೀಕ್ಷಿಸಬೇಕು.